ಹೋಳಿಗೆ ಹಾಳೆಯ ಕೆಳಗೊಂದು ಟಚ್ ಫೋನು

ಗಿರಿಜಾದೇವಿ ತಟ್ಟಿದ ಹೋಳಿಗೆ ಎಷ್ಟು ತೆಳ್ಳಗೆಂದರೆ, ಅದನ್ನು ಕಣ್ಣಿಗೆ ಅಡ್ಡ ಹಿಡಿದು ಗಿರಿನಗರದ ಜನ ಪೇಪರ್ ಓದಿದ್ದುಂಟು. ಒಂದು ಆಷಾಢದಲ್ಲಿ ಅಂಗಡಿಯ ಬಾಗಿಲು ಹಾಕುವುದನ್ನು ಮರೆತಾಗ, ಗಾಳಿಗೆ ಎದ್ದ ಹೋಳಿಗೆಯೊಂದು ಸೀತಾ ಸರ್ಕಲ್ ದಾಟಿ, ರಿಂಗ್ ರೋಡ್ ದಾಟಿ, ಬನಶಂಕರಿ ಬಸ್ ನಿಲ್ದಾಣದಲ್ಲಿ ಹೊರಡಲು ನಿಂತಿದ್ದ ಬಸ್ಸಿನ ಮುಂದಿನ ಗಾಜಿಗೆ ಹೋಗಿ ಅಂಟಿಕೊಂಡಿತು. ಡ್ರೈವರಿಗೆ ಅದು ಅಂಟಿದ್ದೇ ತಿಳಿಯಲಿಲ್ಲ. ಕನಕಪುರದವರೆಗೂ ಅದರ ಮೂಲಕವೇ ರಸ್ತೆ ನೋಡಿಕೊಂಡು ಹೋದ, ವಾಪಸ್ ಬರುವಾಗ ತಿಂದ. ನಂಬದವರು ಆ ಡ್ರೈವರನ್ನೇ ಕೇಳಬಹುದು. ಅವನು ರಿಟೈರ್ ಆಗಿ ಎಲ್ಲಿಗೋ ಹೊರಟುಹೋದ, ಅದು ಬೇರೆ ಮಾತು.

ಅಂಥ ಕೈಗೆ ತಕ್ಕ ಫೋನೂ ಇತ್ತು. ಬಟನ್ ಫೋನು. ಕಪ್ಪಗೆ, ಗಿಡ್ಡಗೆ, ಅರ್ಧ ಸವೆದ ಸೋಪಿನ ಬಿಲ್ಲೆಯ ಹಾಗೆ. ಗುಂಡಿಗಳ ಮೇಲಿದ್ದ ಅಂಕಿಗಳು ತುಪ್ಪ, ಮೈದಾ, ಬೆಲ್ಲದ ಪಾಕ ಉಂಡೂ ಉಂಡೂ ಅಳಿಸಿಹೋಗಿ ಎಷ್ಟೋ ವರ್ಷವಾಗಿತ್ತು. ಗಿರಿಜಾದೇವಿಗೆ ಅದರಿಂದ ಕೂದಲಷ್ಟೂ ತೊಂದರೆಯಿಲ್ಲ. ಕಣ್ಣು ಕಾವಲಿಯ ಮೇಲೆ, ಬಲಗೈ ಹೋಳಿಗೆಯ ಮೇಲೆ, ಎಡಗೈ ಹೆಬ್ಬೆರಳಿನ ಗೆಣ್ಣು ಫೋನಿನ ಮೇಲೆ. ಮುನ್ನೂರ ಹನ್ನೆರಡು ಗಿರಾಕಿಗಳ ನಂಬರು ಆ ಗೆಣ್ಣಿಗೆ ಬಾಯಿಪಾಠ. ಯಾರಾದರೂ ನಂಬರು ಕೇಳಿದರೆ ಥಟ್ಟನೆ ಹೇಳಲಾರರು. ಗೆಣ್ಣನ್ನು ಗಾಳಿಯಲ್ಲಿ ಆಡಿಸಿ, ಅದು ಎಲ್ಲೆಲ್ಲಿ ಹೋಗುತ್ತದೆಂದು ನೋಡಿಕೊಂಡು ಒಂದೊಂದೇ ಅಂಕಿ ಹೇಳುತ್ತಾರೆ.

ಒಂದು ಯುಗಾದಿಗೆ ಆ ಫೋನು ಬೇಳೆ ಬೇಯುವ ಹಂಡೆಗೆ ಬಿತ್ತು. ಮುಕ್ಕಾಲು ಗಂಟೆ ಕುದಿಯಿತು. ಬಿದ್ದದ್ದು ಗೊತ್ತಾದದ್ದೇ ಹಂಡೆಯೊಳಗಿಂದ ರಿಂಗಾದಾಗ. ಗಿರಿಜಾದೇವಿ ಸೌಟಿನಲ್ಲಿ ಎತ್ತಿ, ಸೆರಗಿನಲ್ಲಿ ಒರೆಸಿ, 'ಹಲೋ' ಎಂದರು, ಐವತ್ತು ಹೋಳಿಗೆಯ ಆರ್ಡರ್ ಬರೆದುಕೊಂಡರು. ಅವತ್ತಿನ ಹೋಳಿಗೆ ಸಾರಿನ ರುಚಿ ಮತ್ತೆಂದೂ ಬರಲಿಲ್ಲವೆಂದು ಅವರ ಯಜಮಾನರು ಗುರುಬಸಪ್ಪ ಇವತ್ತಿಗೂ ಕೊರಗುತ್ತಾರೆ.

ತಿಪಟೂರು ಕಡೆಯಿಂದ ಗಂಡ ಹೆಂಡತಿ ಬಂದು ಗಿರಿನಗರದಲ್ಲಿ ಹೋಳಿಗೆ ಅಂಗಡಿ ಇಟ್ಟು ಮೂವತ್ತು ವರ್ಷ. ಗಿರಿಜಾದೇವಿ ತಟ್ಟುವುದು, ಗುರುಬಸಪ್ಪ ಬೇಯಿಸಿ ಡಬ್ಬಿಗೆ ತುಂಬುವುದು. ತುಂಬುವಾಗ ಅವರ ಬಾಯಿ ಖಾಲಿ ಇರುತ್ತಿರಲಿಲ್ಲ. ಒಂದೋ ಮಾತು, ಇಲ್ಲವೇ ಹೋಳಿಗೆ.

ಒಂದು ಶನಿವಾರ ಬೆಳಿಗ್ಗೆ ಗೊಟ್ಟಿಗೆರೆಯಿಂದ ನಾರಾಯಣಮ್ಮನ ಫೋನು ಬಂತು. ನಾರಾಯಣಮ್ಮನೆಂದರೆ ಸಾಮಾನ್ಯ ಗಿರಾಕಿಯಲ್ಲ. ಒಂದು ಕಾಲಕ್ಕೆ ಅವರ ಮನೆಯವರು ರಾಗಿ, ಅವರೆ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಮೂರು ಬಿಲ್ಡಿಂಗು ಎದ್ದಿವೆ. ನಾರಾಯಣಮ್ಮ ಸೀನಿದರೆ ಮೂರು ಬಿಲ್ಡಿಂಗಿನ ಬಾಡಿಗೆದಾರರೂ ಕಿಟಕಿ ತೆಗೆದು 'ಕರೆದ್ರಾ ಆಂಟಿ?' ಅನ್ನುತ್ತಾರೆ. ಅವರ ಮನೆಯ ಎಲ್ಲ ಶುಭಕಾರ್ಯಕ್ಕೂ ಹೋಳಿಗೆ ಗಿರಿಜಾದೇವಿಯದೇ. ಮೊಮ್ಮಗಳು ರಮ್ಯಳ ನಾಮಕರಣಕ್ಕೂ ಅವರೇ ಹೋಗಿ ತಟ್ಟಿದ್ದರು. ಆವತ್ತು ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ನಾರಾಯಣಮ್ಮ, "ಇವ್ಳ ಮದ್ವೆ ಒಬ್ಬಟ್ಟೂ ನಿಮ್ದೇ ಕಣಕ್ಕ," ಎಂದು ನೂರು ಜನರೆದುರು ಹೇಳಿದ್ದರು. ಅದಾಗಿ ಇಪ್ಪತ್ತನಾಲ್ಕು ವರ್ಷ. ಗಿರಿಜಾದೇವಿ ಆ ಮಾತನ್ನು ಮರೆತಿರಲಿಲ್ಲ.

"ಗಿರಿಜಕ್ಕ, ರಮ್ಯಂಗೆ ಗಂಡು ಗೊತ್ತಾಯ್ತು."

"ಅಯ್ಯೋ ಶಿವ್ನೇ! ಬಾಯಿಗೆ ಸಕ್ಕರೆ ಹಾಕ್ಬೇಕು ನಿಮಗೆ. ಎಷ್ಟು ಸಾವಿರ ಬರ್ಕೊಳ್ಳಲಿ?"

"ಎರಡು ಸಾವ್ರ ಅಂತ ಇದೆ. ಆದ್ರೆ…"

ಗಿರಿಜಾದೇವಿಯ ಕೈ ಹೋಳಿಗೆಯ ನಡುವೆ ನಿಂತಿತು. ಮೂವತ್ತು ವರ್ಷದಲ್ಲಿ ಆ ಕೈ ತಟ್ಟುತ್ತ ತಟ್ಟುತ್ತ ನಿಂತದ್ದು ಅದೇ ಮೊದಲು. "ಆದ್ರೆ ಅಂದ್ರೆ?"

"ಮಕ್ಳು ಮಾತು ಕೇಳ್ತಾ ಇಲ್ಲ ಕಣಕ್ಕ. ಜೇಪಿ ನಗರದಾಗೆ ಯಾವ್ದೋ ಹೊಸ ಅಂಗ್ಡಿಯಂತೆ, ಮಿಷಿನ್ ಒಬ್ಬಟ್ಟು. ವಿಡಿಯೋ ಕಳ್ಸವ್ರೆ. ಒಬ್ಬಟ್ಟು ಬೆಲ್ಟಿನ ಮೇಲೆ ಕೂತ್ಕೊಂಡು ಮದುಮಗಳ ಹಂಗೆ ಬರ್ತದೆ, ಅದಕ್ಕೆ ಮ್ಯೂಸಿಕ್ಕು ಬೇರೆ. ನೀವೂ ಒಂದು ಫೋಟೋನೋ ಗೀಟೋನೋ ಕಳ್ಸಿ ವಾಟ್ಸಾಪಲ್ಲಿ. ನಾಳೆ ಭಾನ್ವಾರ ಐದು ಗಂಟೆಗೆ ಗಂಡಿನ ಕಡೆಯೋರೂ ಇರ್ತಾರೆ, ಎಲ್ಲಾ ಕೂತು ನೋಡಿ ಯಾವುದಾದ್ರೂ ಒಂದಕ್ಕೆ ಹೂಂ ಅಂತಾರೆ."

"ನಂದು ಬಟನ್ ಫೋನು ನಾರಾಯಣಮ್ನೋರೆ. ಅದರಲ್ಲಿ ವಾಟ್ಸಾಪು ಎಲ್ಲಿಂದ ಬರುತ್ತೆ?"

"ನಾನೂ ಅದನ್ನೇ ಅಂದೆ ಕಣಕ್ಕ. ನಗ್ತಾರೆ."

ಆರ್ಡರ್ ಹೋಗಬಹುದೆಂಬ ಮಾತು ಅಷ್ಟು ಚುಚ್ಚಲಿಲ್ಲ. ಆ 'ನಗ್ತಾರೆ' ಚುಚ್ಚಿತು. ಗಿರಿಜಾದೇವಿ ಫೋನಿಟ್ಟ ರಭಸಕ್ಕೆ ಮೈದಾ ಎದ್ದು, ಪಕ್ಕದ ಟೈಲರ್ ಅಂಗಡಿಯವನು ಮಂಜು ಬಿತ್ತೆಂದು ಸ್ವೆಟರ್ ಹಾಕಿಕೊಂಡ.

ಸೊಸೆ ಸಂಗೀತಾ ಜಯನಗರ ನಾಲ್ಕನೇ ಬ್ಲಾಕಿನ ಬಟ್ಟೆ ಅಂಗಡಿಯಲ್ಲಿ ಆನ್‌ಲೈನ್ ಆರ್ಡರ್ ನೋಡಿಕೊಳ್ಳುವವಳು. ಟಚ್ ಫೋನಿನ ಮೇಲೆ ಅವಳ ಬೆರಳು ಓಡುವುದನ್ನು ನೋಡಿದರೆ ಕಾವಲಿಯ ಮೇಲೆ ನೀರು ಚಿಮುಕಿಸಿದ ಹಾಗೆ. ಮಧ್ಯಾಹ್ನ ಊಟಕ್ಕೆ ಕೂತಾಗ ವಿಷಯ ಕೇಳಿ, "ಅಷ್ಟೇ ತಾನೆ ಅತ್ತೆ? ನನ್ನ ಫೋನಿಂದ ಈಗಲೇ ಕಳಿಸ್ತೀನಿ," ಎಂದಳು.

"ಬೇಡ. ಹೋಳಿಗೆ ನಂದು, ಹೋಗೋದು ನನ್ನ ಫೋನಿಂದಲೇ ಹೋಗ್ಬೇಕು. ನಾಳೆ ಇನ್ನೊಬ್ಬರು ಅಂತಾರೆ, ಸೊಸೆ ಫೋನಲ್ಲಿ ಮಾನ ಉಳಿಸ್ಕೊಂಡ್ಲು ಅಂತ."

"ಹಾಗಾದ್ರೆ ನೀವೇ ಟಚ್ ಫೋನ್ ತಗೊಳ್ಳಿ. ಎಷ್ಟು ಸಲ ಹೇಳಿದೀನಿ?"

ಗುರುಬಸಪ್ಪ ತಟ್ಟೆಯಿಂದ ತಲೆಯೆತ್ತಿದರು. "ಟಚ್ ಫೋನಾ? ಹಪ್ಪಳ ಕಣಮ್ಮ ಅದು. ಬಿದ್ರೆ ಚೂರು. ನಮ್ಮ ಬಟನ್ ಫೋನು ಬಿದ್ರೆ ನೆಲ ನೋಡ್ಕೋಬೇಕು, ಎಲ್ಲಿ ಒಡೀತು ಅಂತ."

"ಮಾವ, ಬಟನ್ ಫೋನಲ್ಲಿ ಗಿರಾಕಿ ಮುಖ ಕಾಣುತ್ತಾ?"

"ಮುಖ ಕಟ್ಕೊಂಡು ಏನು ಮಾಡ್ಲಿ? ಎಷ್ಟು ಹೋಳಿಗೆ ಅಂತ ಹೇಳಿದ್ರೆ ಸಾಕು."

"ಬ್ಯಾಟರಿ?"

"ಶಿವರಾತ್ರಿಗೆ ಹಾಕಿದ್ದು ಚಾರ್ಜಿಗೆ!" ಎಂದು ಗುರುಬಸಪ್ಪ ಎದೆ ತಟ್ಟಿಕೊಂಡರು. ಆಗ ಶ್ರಾವಣ ನಡೆಯುತ್ತಿತ್ತು. ಸಂಗೀತಾ ನಕ್ಕಳು, ಗಿರಿಜಾದೇವಿ ನಗಲಿಲ್ಲ. ಅವರ ಕಿವಿಯಲ್ಲಿ ಗೊಟ್ಟಿಗೆರೆಯ ನಗು ಇನ್ನೂ ಕೇಳಿಸುತ್ತಿತ್ತು.

"ತಗೊಳ್ಳೋಣ," ಎಂದರು ಕೊನೆಗೆ. "ಆದ್ರೆ ಒಂದು ಕರಾರು. ರಮ್ಯನ ಮದುವೆ ಹೋಳಿಗೆ ನಮಗೆ ಬಂದ್ರೆ ಟಚ್ ಫೋನು ಮನೇಲಿರುತ್ತೆ. ಬರಲಿಲ್ವಾ, ಸೋಮವಾರ ಬೆಳಿಗ್ಗೆ ಅಂಗಡಿಗೆ ವಾಪಸ್ಸು. ಆಮೇಲೆ ಈ ಮನೇಲಿ ಯಾರೂ ಆ ಹೆಸರು ಎತ್ತಬಾರದು."

ಬನಶಂಕರಿಯ ಮೊಬೈಲ್ ಅಂಗಡಿಯವನು ಎಕ್ಸ್‌ಚೇಂಜಿಗೆಂದು ಹಳೆಯ ಫೋನು ಕೇಳಿ, ತಿರುಗಿಸಿ ನೋಡಿ, ಮೂಗಿನ ಹತ್ತಿರ ಹಿಡಿದ. "ಮೇಡಂ, ಏಲಕ್ಕಿ ವಾಸ್ನೆ ಬರ್ತಿದೆ. ಇದು ಯಾವ ಕಂಪನಿ?"

"ತಿನ್ನೋ ಕಂಪನಿ. ಕೊಡಪ್ಪ ಇಲ್ಲಿ," ಎಂದು ಗಿರಿಜಾದೇವಿ ಕಿತ್ತುಕೊಂಡು ಸೊಂಟಕ್ಕೆ ಸಿಕ್ಕಿಸಿಕೊಂಡರು. ಹಳೆಯದು ಹಳೆಯ ನಂಬರಿನೊಂದಿಗೇ ಉಳಿಯಿತು, ಹೊಸದಕ್ಕೆ ಹೊಸ ನಂಬರು ಬಂತು.

ಟಚ್ ಫೋನು ಮನೆಗೆ ಬಂದ ಗಳಿಗೆಯಿಂದಲೇ ಜಗಳ ಶುರು. ಲಾಕ್ ತೆಗೆಯಲು ಬೆರಳು ಇಡಬೇಕಂತೆ. ಮೂವತ್ತು ವರ್ಷ ಕಾದ ಕಾವಲಿಯ ಮೇಲೆ ಬರಿಗೈಯಲ್ಲಿ ಹೋಳಿಗೆ ಮೊಗುಚಿದ ಬೆರಳು. ಅದರ ಗೆರೆಗಳೆಲ್ಲ ಸವೆದು ಹೊಳೆಯೊಳಗಿನ ಗುಂಡುಕಲ್ಲಿನಷ್ಟು ನುಣುಪಾಗಿತ್ತು. ಒಂದೊಂದೇ ಬೆರಳನ್ನು ಒತ್ತಿ ನೋಡಿದರು. ಹತ್ತೂ ಆಯಿತು. ಫೋನು ಒಪ್ಪಲಿಲ್ಲ. ಗುರುಬಸಪ್ಪ ಕಾಲ್ಬೆರಳು ಸೂಚಿಸಿದರು.

"ಬೆರಳು ಸಿಕ್ತಾ ಇಲ್ಲ ಅಂತಿದೆ ಅತ್ತೆ," ಎಂದಳು ಸಂಗೀತಾ.

"ಸಿಕ್ತಾ ಇಲ್ವಂತಾ? ಅರ್ಧ ಬೆಂಗಳೂರಿಗೆ ಉಣ್ಣಿಸಿದ ಬೆರಳು ಕಣೇ ಇದು! ಅದಕ್ಕೆ ಕಣ್ಣು ಸರಿಯಿಲ್ಲ ಅನ್ನು."

ಬೇರೆ ದಾರಿ ಕಾಣದೆ ಸಂಗೀತಾ ಲಾಕನ್ನೇ ತೆಗೆದುಹಾಕಿದಳು. ದೀಪ ಆರಿದರೆ ಅತ್ತೆ ಮತ್ತೆ ಹಚ್ಚಲಾರರೆಂದು, ಸ್ಕ್ರೀನು ಸದಾ ಬೆಳಗುತ್ತಿರುವ ಹಾಗೂ ಮಾಡಿದಳು. ಪಾಪ, ಒಳ್ಳೆಯದಕ್ಕೆಂದೇ ಮಾಡಿದ್ದು.

ಭಾನುವಾರ ಬೆಳಿಗ್ಗೆ ಸಂಗೀತಾ ಹೋಳಿಗೆಯ ನಲವತ್ತು ಫೋಟೋ ತೆಗೆದಳು. ಗಿರಿಜಾದೇವಿಗೆ ಒಂದೂ ಹಿಡಿಸಲಿಲ್ಲ. ಹೋಳಿಗೆ ಅಷ್ಟು ತೆಳ್ಳಗಿದ್ದುದರಿಂದ ಫೋಟೋದಲ್ಲಿ ಬರೀ ತಟ್ಟೆ ಬಂದಿತ್ತು.

"ಇದು ಆರಿದ ಹೋಳಿಗೆ. ಕಾವಲಿಯಿಂದ ಇಳಿದು ಅರೆ ನಿಮಿಷ ಆಗಿರ್ಬೇಕು, ತುಪ್ಪ ಇನ್ನೂ ಗುಳುಗುಳು ಅಂತಿರ್ಬೇಕು, ಆಗ ತೆಗೀಬೇಕು ಫೋಟೋ. ಸರಿಯಾಗಿ ಐದಕ್ಕೆ ನಾನೇ ತೆಗೆದು ಕಳಿಸ್ತೀನಿ. ನೀನು ದಾರಿ ತೋರಿಸಿ ಹೋಗು."

ಸಂಗೀತಾಳಿಗೆ ಗಂಡ ಚಿದಾನಂದನ ಜೊತೆ ಬಿಟಿಎಂ ಲೇಔಟಿನಲ್ಲಿ ಗೆಳತಿಯ ಸೀಮಂತಕ್ಕೆ ಹೋಗುವುದಿತ್ತು. ಹೊರಡುವ ಮುಂಚೆ ನಾರಾಯಣಮ್ಮನ ಹೆಸರಿನ ವಾಟ್ಸಾಪು ತೆರೆದು, ಅತ್ತೆಯ ಕೈಗೆ ಕೊಟ್ಟು, ಚಿಕ್ಕ ಮಗುವಿಗೆ ಹೇಳುವ ಹಾಗೆ ಹೇಳಿದಳು. "ಇದು ಕ್ಯಾಮೆರಾ. ಇದನ್ನ ಒತ್ತಿ, ಫೋಟೋ ತೆಗೀರಿ, ಕೆಳಗಿನ ಬಾಣ ಒತ್ತಿ, ಮುಗೀತು. ಮೇಲಿರೋದು ವಿಡಿಯೋ ಕಾಲು, ಅದರ ತಂಟೆಗೆ ಹೋಗ್ಬೇಡಿ. ಮುಖ್ಯವಾಗಿ ಎಣ್ಣೆ ಕೈ ತಾಗಿಸ್ಬೇಡಿ. ಬಿಸಿ, ಬೆಲ್ಲ, ಹೂರಣ ಏನೂ ತಾಗಬಾರದು."

"ಅಷ್ಟು ಮಡಿ ಇರೋ ಸಾಮಾನು ಅಡುಗೆಮನೆಗೆ ಯಾಕೆ ಬರ್ಬೇಕಿತ್ತೋ," ಎಂದು ಗೊಣಗಿದರೂ ಗಿರಿಜಾದೇವಿ ತಲೆಯಾಡಿಸಿದರು.

ಮಡಿಯಾಗಿಡಬೇಕಾದ್ದನ್ನು ಎಲ್ಲಿಡಬೇಕೆಂಬುದು ಅವರಿಗೆ ಮೂವತ್ತು ವರ್ಷದಿಂದ ಗೊತ್ತು. ಅವರು ತಟ್ಟುವುದು ಒಂದು ಉದ್ದನೆಯ ಕಪ್ಪು ಕಲ್ಲಿನ ಮೇಲೆ. ಕಲ್ಲಿನ ತುಂಬ ಗಾಜಿನ ಹಾಗೆ ಆಚೆ ಕಾಣುವ ತೆಳು ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಎಣ್ಣೆ. ಆವತ್ತಿನ ಆರ್ಡರ್ ಚೀಟಿಗಳೆಲ್ಲ ಆ ಹಾಳೆಯ ಕೆಳಗೆ ಸಾಲಾಗಿ ಮಲಗಿರುತ್ತವೆ. ಕೈ ಮೇಲೆ ತಟ್ಟುತ್ತಿದ್ದರೆ ಕಣ್ಣು ಕೆಳಗೆ ಓದುತ್ತಿರುತ್ತದೆ: ಇದು ಬಸವಲಿಂಗಮ್ಮನವರದು ನೂರು, ಇದು ತುಪ್ಪ ಜಾಸ್ತಿ, ಇದು ಕಾಯಿಹೋಳಿಗೆ. ಚೀಟಿಗೆ ಒಂದು ಹನಿ ಎಣ್ಣೆ ತಾಗಿದ್ದಿಲ್ಲ. ಸರಿ, ಟಚ್ ಫೋನನ್ನೂ ಅಲ್ಲಿಗೇ ತೂರಿಸಿದರು. ಎಡಗಡೆ, ಚೀಟಿಗಳ ಪಕ್ಕದಲ್ಲಿ, ಮುಖ ಮೇಲೆ ಮಾಡಿ. ಗಂಟೆ ಐದಾಯಿತೇ ಎಂದು ನೋಡಲೂ ಅನುಕೂಲ. ಎಷ್ಟು ಅಚ್ಚುಕಟ್ಟಾಗಿ ಕೂತಿತೆಂದರೆ, ಸಂಗೀತಾ ನೋಡಿದ್ದರೆ ಭೇಷ್ ಅನ್ನುತ್ತಿದ್ದಳು.

ಆ ಎಡಗಡೆಯೇ ಅವರು ಕಣಕದಲ್ಲಿ ಹೂರಣ ತುಂಬಿ, ಉಂಡೆ ಕಟ್ಟಿ, ಎರಡು ಬೆರಳಲ್ಲಿ ಒಮ್ಮೆ ಅಮುಕಿ, ಬಲಕ್ಕೆ ಜಾರಿಸಿ ತಟ್ಟುವ ಜಾಗ. ಅದು ಅವರ ನೆನಪಿಗೆ ಬರಲಿಲ್ಲ. ಕೈಗೆ ಅಷ್ಟು ಅಭ್ಯಾಸವಾದದ್ದನ್ನು ತಲೆ ಯಾಕೆ ನೆನಪಿಟ್ಟುಕೊಂಡೀತು?

ನಾಲ್ಕೂಮುಕ್ಕಾಲು. ಬಸವಲಿಂಗಮ್ಮನವರ ಮನೆಯ ಪೂಜೆಗೆ ನೂರು ಹೋಳಿಗೆ ಆರು ಗಂಟೆಗೆ ಬೇಕಿತ್ತು. ಗುರುಬಸಪ್ಪ ಕಾವಲಿಯ ಮುಂದೆ, ಗಿರಿಜಾದೇವಿ ಕಲ್ಲಿನ ಮುಂದೆ. ಕೈ ಎಷ್ಟು ವೇಗವಾಗಿ ಆಡುತ್ತಿತ್ತೆಂದರೆ ಮೇಲಿನ ಫ್ಯಾನು ನಾಚಿ ಒಂದು ಪಾಯಿಂಟ್ ಕಮ್ಮಿ ಮಾಡಿಕೊಂಡಿತು. ಉಂಡೆ, ಅಮುಕು, ಜಾರಿಸು, ತಟ್ಟು. ಉಂಡೆ, ಅಮುಕು. ಮೊದಲನೆಯ ಅಮುಕಿಗೆ ನಾರಾಯಣಮ್ಮನಿಗೆ ಒಂದು ಹೆಬ್ಬೆರಳಿನ ಚಿತ್ರ ಹೋಯಿತು. ಎರಡನೆಯದಕ್ಕೆ ಅಳುವ ಮುಖ. ನಾಲ್ಕನೆಯದಕ್ಕೆ ವಿಡಿಯೋ ಕಾಲು.

ಎಣ್ಣೆ ಹಾಳೆಯ ಕೆಳಗೆ ಅದು ರಿಂಗಾದದ್ದು ತುಪ್ಪದ ಚೊರಚೊರದಲ್ಲಿ ಯಾರಿಗೂ ಕೇಳಲಿಲ್ಲ. ಆ ಕಡೆ ಗೊಟ್ಟಿಗೆರೆಯಲ್ಲಿ ಎತ್ತಿದರು.

"ಫೋಟೋ ಬೇಕಂತೆ ರೀ ಫೋಟೋ!" ಗಿರಿಜಾದೇವಿ ಅದೇ ಹೊತ್ತಿಗೆ ಶುರು ಮಾಡಿದರು. "ನಾರಾಯಣಮ್ನೋರ ಮನೇಲಿ ಈಗ ಹೋಳಿಗೇನ ಕಣ್ಣಲ್ಲಿ ತಿಂತಾರೋ ಬಾಯಲ್ಲಿ ತಿಂತಾರೋ?"

"ಕಣ್ಣಲ್ಲಿ ತಿಂದ್ರೆ ಒಳ್ಳೇದೇ ಬಿಡು, ಸಾಮಾನು ಉಳಿಯುತ್ತೆ."

"ನಗ್ತಾರಂತೆ ನನ್ನ ಫೋನು ನೋಡಿ. ನಗೋದಾದ್ರೆ ಅವರ ಯಜಮಾನ್ರು ಬೋರಣ್ಣನವರನ್ನ ನೋಡಿ ನಗಬೇಕಿತ್ತು ನಾವು. ಮಗನ ಮದುವೇಲಿ ಹದಿನೇಳು ಹೋಳಿಗೆ ತಿಂದು, ಹದಿನೆಂಟನೇದನ್ನ ಪಂಚೆ ಮಡಿಕೇಲಿ ಕಟ್ಕೊಂಡು ಎದ್ದೋರು! ತುಪ್ಪ ಸೋರಿ ಮೊಣಕಾಲಿಗೆ ಬಂದಿತ್ತು. ನಾನು ಯಾರಿಗಾದ್ರೂ ಹೇಳಿದ್ನಾ?"

"ಊರಿಗೆಲ್ಲ ಹೇಳಿದೀಯ ಕಣೇ."

"ಊರು ಬೇರೆ, ಅವರ ಮನೆ ಬೇರೆ."

ಕೈ ನಿಲ್ಲಲಿಲ್ಲ. ಆದರೆ ಸ್ವಲ್ಪ ಹೊತ್ತಾದ ಮೇಲೆ ದನಿ ಇಳಿಯಿತು. "ಎರಡು ಸಾವಿರ ಹೋಳಿಗೆ ಹೋದ್ರೆ ಹೋಗ್ಲಿ ರೀ. ನಾಮಕರಣದ ದಿನ ಆ ಮಗು ನನ್ನ ಕಿರುಬೆರಳು ಚೀಪ್ತು. ಬೆರಳಿಗೆ ಒಂದಿಷ್ಟು ಹೂರಣ ಅಂಟಿತ್ತು. ಹಲ್ಲಿಲ್ಲದ ಬಾಯಿ, ಬಿಡ್ಲೇ ಇಲ್ಲ ಬೆರಳನ್ನ. ನಾನು ಆವತ್ತೇ ಅಂದ್ಕೊಂಡಿದ್ದೆ, ಇವಳ ಮದುವೆಗೆ ನನ್ನ ಕೈ ಇರ್ಬೇಕು ಅಂತ. ಈಗ ಯಾವ್ದೋ ಬೆಲ್ಟು ಬಡಿಸುತ್ತಂತೆ ಅವಳ ಎಲೆಗೆ. ಬೆಲ್ಟಿಗೇನು ಗೊತ್ತು ರೀ, ಅವಳು ಆ ಮಗು ಅಂತ?"

ಗುರುಬಸಪ್ಪ ಬೆಂದ ಹೋಳಿಗೆಯೊಂದನ್ನು ಕಾವಲಿಯಿಂದ ಎತ್ತಿದರು. ಅಷ್ಟರಲ್ಲಿ ಕಪ್ಪು ಕಲ್ಲು ಮಾತಾಡಿತು.

"ಸುಳ್ಳು! ಹದಿನಾಲ್ಕೇ ತಿಂದಿದ್ದು ನಾನು!"

ಗುರುಬಸಪ್ಪನವರ ಕೈಯಿಂದ ಹೋಳಿಗೆ ಜಾರಿ ಒಲೆಗೆ ಬಿತ್ತು. "ಗಿರಿಜಾ… ಹೂರಣ ಮಾತಾಡ್ತು."

"ಹೂರಣ ಅಲ್ಲ ರೀ, ಬೋರಣ್ಣನವರ ದನಿ!"

ಹಾಳೆಯ ಕೆಳಗೆ, ಒಂದು ಉಂಡೆಯ ಅಡಿಯಿಂದ, ಮುಖಗಳು ಕಾಣುತ್ತಿದ್ದವು. ಒಂದಲ್ಲ, ಎರಡಲ್ಲ; ಗೊಟ್ಟಿಗೆರೆಯೇ ಎದ್ದು ಬಂದು ಹಾಳೆಯ ಕೆಳಗೆ ಕೂತ ಹಾಗಿತ್ತು. ಗಿರಿಜಾದೇವಿ ಹಾಳೆ ಎತ್ತಿ ಫೋನು ಎಳೆದರು. ಕೆಂಪು ಗುಂಡಿ ಒತ್ತಿದರು. ಎಣ್ಣೆಯ ಬೆರಳು ಜಾರಿತು. ಮತ್ತೆ ಒತ್ತಿದರು, ಅವರ ಮುಖಕ್ಕೆ ಮೊಲದ ಕಿವಿ ಬಂತು. ಗೆಣ್ಣಲ್ಲಿ ಕುಟ್ಟಿದರು, ಕಿವಿ ಹೋಗಿ ಹೂವಿನ ಕಿರೀಟ ಬಂತು. ಆ ಕಡೆ ಒಂದು ಮಗು ಚಪ್ಪಾಳೆ ತಟ್ಟಿತು.

"ಕಟ್ ಮಾಡೇ!" ಎಂದರು ಗುರುಬಸಪ್ಪ.

"ಏನು ಕಟ್ ಮಾಡ್ಲಿ, ಎಲ್ಲಿದೆ ಗುಂಡಿ? ಒಂದು ಗುಂಡಿ ಅಂತ ಇಟ್ಟಿದ್ರೆ ಸಾಯ್ತಿದ್ರಾ ಇವರು!"

ತುಪ್ಪದ ಕೈ, ಗಾಜಿನ ಫೋನು. ಅದು ಮೀನಿನ ಹಾಗೆ ಪುಟಿದು, ಗಾಳಿಯಲ್ಲಿ ಎರಡು ಸುತ್ತು ಹೊಡೆದು, ಹೂರಣದ ಪಾತ್ರೆಯೊಳಗೆ ತಲೆಕೆಳಗಾಗಿ ಬಿದ್ದು ಮುಳುಗಿತು. ಬೋರಣ್ಣನ 'ಹದಿನಾಲ್ಕು' ಎಂಬ ಕೊನೆಯ ಮಾತು ಬೇಳೆ ಬೆಲ್ಲದೊಳಗಿಂದ ಕೇಳಿಸಿತು. ಆಮೇಲೆ ಏನೂ ಕೇಳಿಸಲಿಲ್ಲ.

ಗಿರಿಜಾದೇವಿ ಮಣೆಯ ಮೇಲೆ ಕುಸಿದರು. ಗೋಡೆಯ ಗಡಿಯಾರ ಐದೂ ಐದು ತೋರಿಸುತ್ತಿತ್ತು. ಫೋಟೋ ಹೋಗಲಿಲ್ಲ, ಹೋಗಬಾರದ್ದೆಲ್ಲ ಹೋಗಿತ್ತು, ಅದೂ ಬೀಗರ ಮುಂದೆ. ಇಪ್ಪತ್ತನಾಲ್ಕು ವರ್ಷ ಜೋಪಾನ ಮಾಡಿದ ಮಾತು ಇಪ್ಪತ್ತು ನಿಮಿಷದಲ್ಲಿ ತನ್ನ ಬಾಯಿಂದಲೇ ಹಾಳಾಯಿತು. ಗುರುಬಸಪ್ಪ ಸುಟ್ಟ ಹೋಳಿಗೆಯನ್ನು ಚಿಮಟದಲ್ಲಿ ಹಿಡಿದು ನಿಂತಿದ್ದರು. ಅವರ ಬಾಯಲ್ಲಿ ಮಾತೂ ಇರಲಿಲ್ಲ, ಹೋಳಿಗೆಯೂ ಇರಲಿಲ್ಲ. ಹಾಗೆ ಆದದ್ದು ಅವರ ಜನ್ಮದಲ್ಲೇ ಮೊದಲು.

ಆಗ ಗಿರಿಜಾದೇವಿಯ ಸೊಂಟ ರಿಂಗಾಯಿತು.

ಬಟನ್ ಫೋನು. ಯಾವುದೋ ಗೊತ್ತಿಲ್ಲದ ನಂಬರು. ಗೆಣ್ಣು ತಾನಾಗಿಯೇ ಹೋಗಿ ಗುಂಡಿ ಒತ್ತಿತು. ಟಕ್. ಒಂದೇ ಸಲಕ್ಕೆ.

"ಗಿರಿಜಕ್ಕ."

"ನಾರಾಯಣಮ್ನೋರೆ… ನಾನು… ಅದು…"

"ನೀವು ಮಾತಾಡ್ಬೇಡಿ. ಆಗ್ಲೇ ಬೇಕಾದಷ್ಟು ಮಾತಾಡಿದೀರಿ. ಈಗ ನಾನು." ಗಿರಿಜಾದೇವಿ ಫೋನನ್ನು ಕಿವಿಗೆ ಒತ್ತಿಕೊಂಡರು. "ಫಸ್ಟು ಏನೂ ಕಾಣ್ಲಿಲ್ಲ, ಹಳದಿ ಹಳದಿ. ಆಮೇಲೆ ನಿಮ್ಮ ಕೈ ಬಂತು. ನಮ್ಮ ದೀಪಕ್ಕು, ರಮ್ಯನ ತಮ್ಮ, ಟೀವಿಗೆ ಹಾಕ್ಬಿಟ್ಟ. ಗೋಡೆಯಷ್ಟಗ್ಲ ಟೀವಿ ಕಣಕ್ಕ. ಗಂಡಿನ ಕಡೆಯೋರು ಬಜ್ಜಿ ಕೈಲಿಟ್ಕೊಂಡೇ ಕೂತ್ರು, ಬಾಯಿಗೆ ಹೋಗ್ಲಿಲ್ಲ. ಒಬ್ಬಟ್ಟಿನ ಕೆಳಗೆ ಮಲ್ಕೊಂಡು ಮ್ಯಾಲೆ ನೋಡಿದಂಗೆ ಇತ್ತು. ಹಿಂಗೆ ಬರ್ತದೆ ಕೈ, ಟಪ್ಪಂತ ಅಮುಕ್ತದೆ, ಹೋಯ್ತದೆ. ಗಂಡಿನ ಅಜ್ಜಿ ಕೈ ಮುಗಿದ್ರು!"

"ಆದ್ರೆ ನಾನು ಅಂದಿದ್ದು…"

"ಎಲ್ಲಾ ಕೇಳ್ತು. ಕಣ್ಣಲ್ಲಿ ತಿನ್ನೋದೂ ಕೇಳ್ತು, ಪಂಚೆದೂ ಕೇಳ್ತು. ನಮ್ಮೆಜಮಾನ್ರ ಮರ್ಯಾದೆ ಬೀಗರ ಮುಂದೆ ಹೋಗ್ತೈತಲ್ಲಾಂತ ನಾನೇ ಕಟ್ ಮಾಡಕ್ಕೆ ಓಡಿದೆ. ಬೆರಳೆಲ್ಲ ಬಜ್ಜಿ ಎಣ್ಣೆ. ಒತ್ತಿದ್ರೆ ಕಟ್ ಆಗ್ಲಿಲ್ಲ, ಸೌಂಡು ಜಾಸ್ತಿ ಆಯ್ತು!"

ಗಿರಿಜಾದೇವಿಗೆ ಅಳು ಬರುವುದರಲ್ಲಿತ್ತು, ನಗು ಬಂತು. "ನಿಮಗೂ ಆಗ್ಲಿಲ್ವಾ?"

"ಯಾರ್ಗೂ ಹೇಳ್ಬೇಡಿ ಕಣಕ್ಕ. ಈಗ ಮಾತಾಡ್ತಿರೋದು ನನ್ನ ಹಳೇ ಬಟನ್ ಫೋನಲ್ಲಿ. ಅಕ್ಕಿ ಡಬ್ಬದಾಗೆ ಬಚ್ಚಿಟ್ಟಿದೀನಿ, ಮಕ್ಳಿಗೆ ಗೊತ್ತಿಲ್ಲ. ಅರ್ಜೆಂಟಿಗೆ ಇದೇ ಆಗೋದು."

"ಅದಕ್ಕೇ ದನಿ ಗಂಟೆ ಹೊಡೆದ ಹಾಗೆ ಕೇಳ್ತಿದೆ."

"ಇರ್ಲಿ. ರಮ್ಯ ಏನು ಮಾಡಿದ್ಲು ಗೊತ್ತಾ? ನೀವು ಆ ಕಿರುಬೆರಳಿಂದು ಹೇಳಿದ್ರಲ್ಲ, ಅಷ್ಟ್ ಹೊತ್ತೂ ಸುಮ್ಕೆ ಕೂತಿದ್ದೋಳು ಎದ್ದು ಒಳಗೆ ಹೋದ್ಲು. ಮುಖ ತೊಳ್ಕೊಂಡು ಬಂದ್ಲು. ಜೇಪಿ ನಗರದ ವಿಡಿಯೋ ಅಳಿಸಾಕಿ, 'ಅಜ್ಜಿ, ನಂಗೆ ಆ ಬೆರಳೇ ಬೇಕು' ಅಂದ್ಲು."

ಗಿರಿಜಾದೇವಿ ತಮ್ಮ ಕಿರುಬೆರಳು ನೋಡಿಕೊಂಡರು. ಹೂರಣ ಅಂಟಿತ್ತು.

"ಬರ್ಕೊಳ್ಳಿ ಈಗ," ಎಂದರು ನಾರಾಯಣಮ್ಮ. "ಎರಡು ಸಾವ್ರದ ಹದಿನೆಂಟು."

"ಹದಿನೆಂಟು ಯಾಕೆ?"

"ನಮ್ಮೆಜಮಾನ್ರಿಗೆ. ಬೀಗರ ಮುಂದೆ ಎಣಿಸಿ ಎಣಿಸಿ ಬಡಿಸಿ. ಎಷ್ಟು ತಿಂತಾರೋ ಊರೇ ನೋಡ್ಲಿ." ಹಿಂದಿನಿಂದ ಬೋರಣ್ಣನ ಗೊಣಗಾಟ ಕೇಳಿಸಿತು. "ಇನ್ನೊಂದು. ಮದ್ವೆ ದಿನ ಛತ್ರದಲ್ಲಿ ನೀವು ತಟ್ಟೋದನ್ನ ಟೀವಿಗೆ ಹಾಕ್ಬೇಕಂತೆ, ಇವತ್ತಿನಂಗೇ ಕೆಳಗಿಂದ. ಆ ಟಚ್ ಫೋನು ತರ್ಬೇಕು ನೀವು. ಮರೀಬೇಡಿ."

ಸಂಗೀತಾ ಸೀಮಂತದಿಂದ ಬರುವ ಹೊತ್ತಿಗೆ ಬಸವಲಿಂಗಮ್ಮನವರ ನೂರು ಹೋಳಿಗೆ ಹೋಗಿಯಾಗಿತ್ತು, ಅಡುಗೆಮನೆ ತೊಳೆದಾಗಿತ್ತು. ಗುರುಬಸಪ್ಪ ಹೂರಣದ ಪಾತ್ರೆಯೊಳಗೆ ಕೈಬಿಟ್ಟು, ಬಾವಿಯಿಂದ ಬಿಂದಿಗೆ ಎತ್ತುವಷ್ಟು ಎಚ್ಚರದಿಂದ, ಟಚ್ ಫೋನು ಎತ್ತಿ ಅವಳ ಕೈಗಿಟ್ಟರು. ಸಂಗೀತಾ ಕಿರುಚಿದ ರಭಸಕ್ಕೆ ಹೊರಗೆ ಹೋಗುತ್ತಿದ್ದ ಎರಡು ಆಟೋ ನಿಂತವು, ಅದೂ ಕೇಳಿದ ಕಡೆಗೇ ಬರುತ್ತೇವೆಂದು! ಒರೆಸಿದಳು, ಕೊಡವಿದಳು, ಕೂದಲು ಒಣಗಿಸುವ ಮಿಷಿನ್ನಿನ ಗಾಳಿ ಹಿಡಿದಳು. ಫೋನು ಕಣ್ಣು ಬಿಟ್ಟಿತು. ಇವತ್ತಿಗೂ ಚೆನ್ನಾಗಿದೆ. ರಿಂಗಾದಾಗಲೆಲ್ಲ ಏಲಕ್ಕಿ ವಾಸನೆ ಬರುತ್ತದೆ, ಪಕ್ಕದ ಮನೆಯವರು ಯಾವ ಹಬ್ಬವೆಂದು ಕೇಳುತ್ತಾರೆ.

ಕಥೆಯೆಲ್ಲ ಕೇಳಿ, ನಕ್ಕು ನಕ್ಕು ಕಣ್ಣೊರೆಸಿಕೊಂಡು ಸಂಗೀತಾ ಕೇಳಿದಳು. "ಹಾಗಾದ್ರೆ ಟಚ್ ಫೋನೇ ಗೆದ್ದಿದ್ದು ಅಲ್ವಾ ಅತ್ತೆ? ಆರ್ಡರ್ ತಂದಿದ್ದು ಅದೇ."

"ಎಲ್ಲಿ ತಂತು?" ಗುರುಬಸಪ್ಪ ಹಾರಿಬಿದ್ದರು. "ಅದು ಮಾನ ತೆಗೀತು. ಆರ್ಡರ್ ಬಂದಿದ್ದು ಬಟನ್ ಫೋನಿಗೆ. ನಾಳೆ ವಾಪಸ್ಸು!"

ಇಬ್ಬರೂ ಗಿರಿಜಾದೇವಿಯ ಕಡೆ ನೋಡಿದರು. ಅವರು ಕಪ್ಪು ಕಲ್ಲನ್ನು ಒಣಬಟ್ಟೆಯಲ್ಲಿ ಒರೆಸಿ, ಹೊಸ ಹಾಳೆ ಹಾಸುತ್ತಿದ್ದರು. ಸೋಮವಾರದ ಚೀಟಿಗಳನ್ನು ಒಂದೊಂದಾಗಿ ಹಾಳೆಯ ಕೆಳಗೆ ಜೋಡಿಸಿದರು. ಆಮೇಲೆ ಸೊಸೆಯ ಕೈಯಿಂದ ಟಚ್ ಫೋನು ತೆಗೆದುಕೊಂಡು, ಎಡಗಡೆ ಅದೇ ಜಾಗಕ್ಕೆ ತೂರಿಸಿ, ಮೇಲೆ ಅಂಗೈಯಿಟ್ಟು ಒತ್ತಿ ನೋಡಿದರು.

"ಇರ್ಲಿ ಬಿಡ್ರಿ," ಎಂದರು. "ಫೋನು ಕೆಟ್ಟದ್ದಲ್ಲ. ಇವತ್ತು ಇದರ ಮೇಲೆ ಅಮುಕಿದ ಉಂಡೆ ಎಲ್ಲಾ ಒಂದೇ ಸಮ ಬಂದಿತ್ತು. ಕಲ್ಲಿಗಿಂತ ಇದೇ ಮಟ್ಟಸವಾಗಿದೆ."

ಅಷ್ಟು ಹೇಳಿ, ಕಣ್ಣು ಕಾವಲಿಯ ಕಡೆ ಇಟ್ಟುಕೊಂಡೇ ಸೊಂಟದಿಂದ ಬಟನ್ ಫೋನು ತೆಗೆದರು. ಎರಡು ಸಾವಿರದ ಹದಿನೆಂಟು ಹೋಳಿಗೆಗೆ ಎಷ್ಟು ಬೇಳೆ ಬೇಕೆಂದು ದಿನಸಿಯವರಿಗೆ ಈಗಲೇ ಹೇಳಬೇಕಿತ್ತು. ಗೆಣ್ಣು ಅಳಿಸಿಹೋದ ಅಂಕಿಗಳ ಮೇಲೆ ಟಕಟಕನೆ ಓಡಿತು.